ಮೂರು ಬಣ್ಣದ ಕೋಟು

ಮನೆಯಿಂದ,
ಮಾರ್ಚ್ ೧೧, ಸೋಮವಾರ

ಪ್ರೀತಿಯ ಅಕ್ಕನಿಗೆ,

ಮೊದಲು ನನ್ನ ಕೋಳಿಕಾಲಿನ ಅಕ್ಷರವನ್ನು ಕ್ಷಮಿಸು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು; ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು ಇಷ್ಟು ಬರೆಯುವುದೇ ಹೆಚ್ಚು. ನಿನ್ನ ಸೊಂಟನೋವು ಹೇಗಿದೆ? ನೀನು ನೋಡಿಕೊಳ್ಳುವ ಆ ಅಜ್ಜಿ ಈಗಲಾದರೂ ನಿನಗೆ ನಿದ್ದೆ ಮಾಡಲು ಬಿಡುತ್ತಾರೆಯೇ? ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಮಗಳು ಚೂಟಿಗೆ ಮುಂದಿನ ಹಲ್ಲು ಬಿದ್ದಿದೆ, ನಕ್ಕರೆ ನಿನ್ನ ಚಿಕ್ಕಂದಿನ ಮುಖವೇ. ಫೋನಿನಲ್ಲಿ ನೀನು ಖುಷಿಯಿಂದ ಮಾತಾಡಿದರೆ ನಾನೂ ಹೂಂ ಹೂಂ ಎಂದು ಫೋನ್ ಇಟ್ಟುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಇಸ್ತ್ರಿ ಮಾಡುವ ಆ ದೊಡ್ಡ ಶಾಲೆಯಲ್ಲೇ ಅವಳಿಗೆ ಪುಕ್ಕಟೆ ಸೀಟು ಸಿಕ್ಕಾಗ ನೀನು ಅತ್ತುಬಿಟ್ಟೆ. ಮೂರು ಕಡೆ ಕ್ಯಾಂಪಸ್ಸಿದೆ, ಮೂರು ಭಾಷೆ ಕಲಿಸುತ್ತಾರೆ ಎಂದು ಕಂಡವರಿಗೆಲ್ಲ ಹೇಳಿಕೊಂಡೆ. ನನಗೆ ಆಗಲೇ ಒಳಗೊಳಗೇ ಚುಚ್ಚಿತ್ತು. ಸುಮ್ಮನೆ ಯಾರು ಬೆಲ್ಲ ಕೊಡುತ್ತಾರೆ? ನನ್ನದು ಹುಳುಕು ಬುದ್ಧಿ ಎಂದು ಬೈಯುತ್ತೀಯ, ಬೈ. ಆದರೆ ಕೇಳು. ಒಂದೊಂದು ಕ್ಯಾಂಪಸ್ಸಿಗೆ ಒಂದೊಂದು ಬಣ್ಣದ ಕೋಟು: ನೀಲಿ, ಹಸಿರು, ಕೆಂಪು. ಮೂರೂ ಕಡೆಯ ಬಟ್ಟೆ ನಮ್ಮ ಇಸ್ತ್ರಿ ಕೋಣೆಗೇ ಬರುತ್ತದೆ. ಚೂಟಿಯ ಹೆಸರು ಹೊಲಿದ ಕೋಟು ಮೂರು ಬಣ್ಣದಲ್ಲೂ ಬಂತು. ಅತಿಥಿಗಳು ಎಲ್ಲಿಗೆ ಬರುತ್ತಾರೋ ಆ ಬಣ್ಣ ಹಾಕಿ ಅವಳನ್ನು ವ್ಯಾನಿನಲ್ಲಿ ಕರೆದೊಯ್ಯುತ್ತಾರೆ. ಅತಿಥಿಗಳು ಬರುವ ದಿನ ತಲೆಗೆ ಎಣ್ಣೆ ಹಚ್ಚಿದ್ದರೆ ವ್ಯಾನಿಗೆ ಹತ್ತಿಸುವುದಿಲ್ಲ, ಕೋಟಿಗೆ ಕಲೆಯಾಗುತ್ತದಂತೆ. ಅವಳು ಮೂರು ಭಾಷೆಯಲ್ಲಿ ಸ್ವಾಗತ ಹೇಳುತ್ತಾಳೆ. “ನೋಡಿ, ಇಸ್ತ್ರಿ ಮಾಡೋರ ಮನೆ ಮಗು” ಎಂದು ತೋರಿಸುತ್ತಾರಂತೆ, ಚಪ್ಪಾಳೆ ಬೀಳುತ್ತದಂತೆ. ಪಾಠದ ಹೊತ್ತೆಲ್ಲ ಅವಳು ವ್ಯಾನಿನಲ್ಲೇ.

ವ್ಯಾನಿನ ಡ್ರೈವರಣ್ಣನಿಗೆ ಆ ಮೂರನೇ ಭಾಷೆ ಮನೆಮಾತು. ಹೋದ ವಾರ ಅವನು ಅದರಲ್ಲಿ ತಿಂಡಿ ಆಯಿತೇ ಎಂದು ಕೇಳಿದರೆ ಇವಳು ನೆಟ್ಟಗೆ ನಿಂತು ಸ್ವಾಗತಭಾಷಣ ಶುರು ಮಾಡಿದಳಂತೆ. “ಇದು ರೇಡಿಯೋ ಕಣಮ್ಮ, ಹಾಕಿದ್ರೆ ಹಾಡುತ್ತೆ, ಕೇಳಿದ್ರೆ ಹೇಳಲ್ಲ” ಎಂದು ನಕ್ಕ. ನಾನೂ ನಕ್ಕೆ. ಮನೆಗೆ ಬಂದು ಸೋಪಿನ ಪೊಟ್ಟಣ ಕೊಟ್ಟು, ನಮ್ಮ ಭಾಷೆಯಲ್ಲಿರುವುದನ್ನು ಓದು ಎಂದೆ. ಚಿತ್ರ ನೋಡಿ “ಸೋಪು” ಎಂದಳು. ಅಕ್ಷರದ ಮೇಲೆ ಬೆರಳಿಟ್ಟೆ. “ಇದನ್ನ ಯಾರೂ ಹೇಳ್ಕೊಟ್ಟಿಲ್ಲ ಚಿಕ್ಕಮ್ಮ” ಎಂದಳು. ಎರಡನೇ ತರಗತಿ ಮುಗಿಯುತ್ತ ಬಂತು, ಅಕ್ಕಾ.

ಟೀಚರಮ್ಮನನ್ನು ಕೇಳೋಣವೆಂದು ಬಾಗಿಲವರೆಗೆ ಹೋದೆ. “ಏನಮ್ಮಾ, ಕೋಟು ತಂದ್ಯಾ?” ಎಂದರು. ತಂದಿದ್ದೆ. ಕೊಟ್ಟು ಬಂದೆ.

ಮೈ ಹುಷಾರು. ಹೊತ್ತಿಗೆ ಸರಿಯಾಗಿ ಉಣ್ಣು. ಚೂಟಿ ಮುತ್ತು ಕಳಿಸಿದ್ದಾಳೆ.

ನಿನ್ನ ತಂಗಿ

ತಾ.ಕ.: ತುಂಬ ದೂರದಲ್ಲಿ ನಾಲ್ಕನೇ ಕ್ಯಾಂಪಸ್ ತೆರೆಯುತ್ತಾರೆ. ಚೂಟಿಯನ್ನು ಅಲ್ಲಿನ ಹಾಸ್ಟೆಲಿಗೆ ಕೊಡಿ ಎಂದು ಮುಂದಿನ ತಿಂಗಳು ದೊಡ್ಡ ಮೇಡಂ ನಿನಗೇ ಫೋನ್ ಮಾಡುತ್ತಾರಂತೆ. ಬಾಯಲ್ಲಿ ಸಕ್ಕರೆ ಸುರಿಸುತ್ತಾರೆ. ಒಪ್ಪಬೇಡ. ನನ್ನ ಕೆಲಸ ಹೋದರೆ ಹೋಗಲಿ. ಹಿಂದಿನ ಬೀದಿಯ ಸಣ್ಣ ಶಾಲೆಯಲ್ಲಿ ಕೇಳಿದ್ದೇನೆ, ಒಂದನೇ ತರಗತಿಯಿಂದ ಕೂರಿಸುತ್ತಾರಂತೆ. ಇವತ್ತೂ ಅತಿಥಿಗಳಿದ್ದರು. ಬೆಳಿಗ್ಗೆ ವ್ಯಾನು ಹಾರ್ನ್ ಹೊಡೆಯುವ ಮೊದಲೇ ನಾನು ಚೂಟಿಯನ್ನು ಕೂರಿಸಿಕೊಂಡು, ಕಿವಿಯ ಮೇಲೆ ಇಳಿಯುವಷ್ಟು ಎಣ್ಣೆಯನ್ನು ತಲೆಗೆ ಸುರಿದುಬಿಟ್ಟೆ.