ಪಾದ್ರಿಗಳ ತಟ್ಟೆಗೆ ಹೋದ ಕೆಸು

ಅಪಿಯಾ, ಮಂಗಳವಾರ

ಪ್ರೀತಿಯ ಅಮ್ಮ,

ನಿನ್ನೆ ಫೋನಿನಲ್ಲಿ ಕೂಗಾಡಿದ್ದಕ್ಕೆ ಕ್ಷಮಿಸು. ಸಮೋವಾದ ಕೆಸುವನ್ನು ಕಾಡುವ ಎಲೆಕೊಳೆ ರೋಗಕ್ಕೆ ಜಗ್ಗದ ತಳಿಗಾಗಿ ಆರು ವರ್ಷ ದುಡಿದು, ಉಳಿದ ಒಂದೇ ಗಿಡವನ್ನು ನಮ್ಮ ಹಿತ್ತಲಲ್ಲಿ ನೆಟ್ಟಿದ್ದೆ. ನೀನು ಅದನ್ನೇ ಕಿತ್ತು ಬೇಯಿಸಿದೆ. "ಭಾನುವಾರ ಪಾದ್ರಿಗಳ ತಟ್ಟೆಗೆ ಒಳ್ಳೇದೇ ಹೋಗ್ಬೇಕು. ಕೊಳೆತದ್ದು ಬಡಿಸ್ಲೇನೇ?" ಅಂದೆ. ಅಂತೂ ರೋಗಕ್ಕೆ ದಕ್ಕದ್ದು ಧರ್ಮಕ್ಕೆ ದಕ್ಕಿತು!

ಇವತ್ತು ತಮ್ಮ ಫೆತು ಫೋನು ಮಾಡಿದ್ದ. "ಅಕ್ಕಾ, ಗೆಡ್ಡೆ ಕೊಯ್ದ ಕೂಡ್ಲೇ ಅಮ್ಮ ಅದರ ತಲೆ ನೆಟ್ಟಾಯ್ತು. ಯಾವತ್ತಾದ್ರೂ ಬಿಸಾಕಿದ್ದಾಳಾ?" ಎಂದ. ತಲೆ ನೆಟ್ಟರೆ ಅದೇ ಗಿಡ ಮತ್ತೆ ಚಿಗುರುತ್ತದೆ ಎಂಬುದು ಓದಿದ ನನಗೇ ಮರೆತಿತ್ತು.

ಚಿಗುರಿಗೆ ಬೇಲಿ ಕಟ್ಟು, ಹಂದಿಗಳು ಬಂದಾವು. ಮುಂದಿನ ವಾರ ಪಾದ್ರಿಗಳಿಗೆ ದೀವಿಹಲಸು ಸಾಕು. ಆದರೆ ರುಚಿ ಹೇಗಿತ್ತೆಂದು ಅವರನ್ನು ಕೇಳಿ ಬರೆ. ನನ್ನ ವರದಿಯಲ್ಲಿ ಅದೊಂದು ಕಾಲಂ ಮಾತ್ರ ಖಾಲಿಯಿದೆ.

ನಿನ್ನ ಮಗಳು,
ಲುಪೆಸಿನಾ