ಪ್ರತಿ ಪುಟಕ್ಕೊಂದು ಪ್ರಶ್ನೆ

ಅಪ್ಪಾ,

ನನ್ನ ಮೊಮ್ಮಗಳು ಶಾಲೆಯಲ್ಲಿ ತುಟಿ ಬಿಚ್ಚುವುದಿಲ್ಲ. ಅದಕ್ಕೇ ಅವಳನ್ನು ಗ್ರಂಥಾಲಯಕ್ಕೆ ಕರೆದೊಯ್ದು ಕಥೆ ಓದುತ್ತೇನೆ. ಪ್ರತಿ ಪುಟದಲ್ಲೂ ನಿಲ್ಲಿಸಿ ಏನಾದರೂ ಕೇಳುತ್ತೇನೆ.

ಇವತ್ತು "ಕರಡಿ ಎಲ್ಲಿಗೆ ಹೊರಟಿದೆ?" ಎಂದೆ.

"ಎಲ್ಲಿಗೂ ಇಲ್ಲ ತಾತ! ಅದಕ್ಕೆ ನಿದ್ದೆ ಬಂದಿದೆ. ಕನ್ನಡಕ ಹಾಕ್ಕೊಂಡು ನೋಡು!" ಎಂದು ಕೂಗಿದಳು.

ಗ್ರಂಥಪಾಲಕರು ಓಡಿ ಬಂದರು. "ಶ್! ಇಲ್ಲಿ ಮಾತಾಡೋ ಹಾಗಿಲ್ಲ."

"ಮಾತಾಡದ ಮಕ್ಕಳನ್ನ ಏನ್ ಮಾಡ್ತೀರಾ ಸ್ವಾಮಿ, ಕಪಾಟಲ್ಲಿ ಜೋಡಿಸಿಡ್ತೀರಾ?" ಎಂದು ಜಗಳಕ್ಕೆ ನಿಂತೆ. ಮಗು ಬಾಯಿಬಿಟ್ಟ ದಿನವೇ ಗದರಿದರೆ ಸುಮ್ಮನಿರಲೇ?

ನೀವೂ ನನಗೆ ಓದುತ್ತಿದ್ದಿರಿ. "ಬಾಯ್ಮುಚ್ಕೊಂಡು ಕೇಳು" ಎನ್ನುತ್ತಿದ್ದಿರಿ, ಹಾಗೆಯೇ ಕೇಳಿದೆ. ತಮ್ಮನನ್ನು ನದಿಯಲ್ಲಿ ಕಳೆದುಕೊಂಡ ಹುಡುಗನ ಕಥೆ ಬಂದಾಗಲೆಲ್ಲ ಅರ್ಧಕ್ಕೇ ಪುಸ್ತಕ ಮುಚ್ಚಿ ಎದ್ದು ಹೋಗುತ್ತಿದ್ದಿರಿ. ಯಾಕೆಂದು ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ ನೀವಿಲ್ಲ.