ಈಜಿಪ್ಟಿನ ಗೋಡೆಯ ಚಂದ್ರಮುಕುಟ

ಜನವರಿ 20, ಸೋಮವಾರ

ಚಿತ್ರ ಹಿಗ್ಗಿಸಿ ಬರೆಯಲು ಗೋಡೆಗೆ ಚೌಕ ಎಳೆಯುವುದು ಇವತ್ತೂ ಮುಗಿಯಲಿಲ್ಲ. ಸ್ಕೂಲಿನ ಕಾರಿಡಾರ್ ಗೋಡೆ, ಹನ್ನೆರಡಡಿ. ಎಂಟನೇ ಕ್ಲಾಸಿಗೆ ಈಜಿಪ್ಟ್ ಪಾಠ, ಅದಕ್ಕೊಂದು ಚಿತ್ರ. ಲೈಬ್ರರಿ ಪುಸ್ತಕದಲ್ಲಿ ಸಮಾಧಿಯೊಂದರ ಗೋಡೆಯ ಫೋಟೋ ಇದೆ — ಜಾಲಿ ಮರ, ಅದರ ತುಂಬ ಹಕ್ಕಿಗಳು. ಸುಮಾರು ನಾಲ್ಕು ಸಾವಿರ ವರ್ಷ ಹಳೆಯದು. ಬರೆದ ಪುಣ್ಯಾತ್ಮ ಒಂದೊಂದು ಪುಕ್ಕವನ್ನೂ ನೋಡಿ ಬರೆದಿದ್ದಾನೆ. ಯಾವ ಹಕ್ಕಿ ಎಂದು ಗೊತ್ತಾಗದೆ ನಾನು ಬ್ರಷ್ ಮುಟ್ಟುವುದಿಲ್ಲ.

ಜನವರಿ 22

ಕಳಿಂಗ ಹಕ್ಕಿಯ ಗುರುತು ಸಿಕ್ಕಿತು, ಕಣ್ಣಿನ ಕಪ್ಪು ಪಟ್ಟಿಯಿಂದ. ಪಕ್ಕದ್ದಕ್ಕೆ ಜುಟ್ಟು, ರೆಕ್ಕೆಯಲ್ಲಿ ಕಪ್ಪು ಬಿಳಿ ಪಟ್ಟೆ. ಮರಕುಟಿಗ ಎಂದು ಬರೆದುಕೊಂಡೆ. ಆಮೇಲೆ ಕೊಕ್ಕು ನೋಡಿದೆ... ತೆಳ್ಳಗೆ, ಉದ್ದ, ತುದಿ ಬಾಗಿದೆ. ಇದರಲ್ಲಿ ಮರ ಕುಟ್ಟುವುದೇ? ಮುರಿದೇ ಹೋಗುತ್ತದೆ.

ಜನವರಿ 25, ಬೆಳಿಗ್ಗೆ 9

ಹಕ್ಕಿ ಹುಡುಕಲೆಂದೇ ಆರೂವರೆ ಬಸ್ಸಿಗೆ ಹುತ್ತೂರು. ಪರಿಚಯದ ರೈತ ದೊಡ್ಡಮುನಿಯಪ್ಪನವರ ಹಿಪ್ಪುನೇರಳೆ ತೋಟ. ನೀರು ಬಿಟ್ಟ ಸಾಲಿನಲ್ಲಿ ಅದೇ ಹಕ್ಕಿ! ಮಣ್ಣಿಗೆ ಕೊಕ್ಕು ಚುಚ್ಚಿ ಹುಳ ಎಳೆಯುತ್ತಿತ್ತು. ಮರದ ಕಡೆ ತಿರುಗಿಯೂ ನೋಡಲಿಲ್ಲ.

“ಮರಕುಟಿಗ ಅಲ್ವಾ ಇದು?” ಎಂದು ಅವರನ್ನೇ ಕೇಳಿದೆ, ಬೇಕೆಂದೇ.

“ಅಯ್ಯೋ ಬುಡಮ್ಮ, ಟೀಚರಾಗಿ ಹಿಂಗಂತೀಯಾ! ತೆಲುಗಲ್ಲಿ ಕುಕುಡುಗುವ್ವ ಅಂತೀವಿ. ಇದು ಕುಕ್ಕೋದು ನೆಲ. ಮರಕ್ಕೂ ಇದಕ್ಕೂ ಏನಮ್ಮ ಸಂಬಂಧ?”

ಅಂದರೆ ಕನ್ನಡದ ಚಂದ್ರಮುಕುಟ; ಹೆಸರು ಕೇಳಿದ್ದೆ, ಹಕ್ಕಿ ಇದೇ ಎಂದು ಗೊತ್ತಿರಲಿಲ್ಲ. ಹನ್ನೊಂದು ವರ್ಷ ಡ್ರಾಯಿಂಗ್ ಕ್ಲಾಸಿನಲ್ಲಿ ಇದನ್ನೇ ಮರಕುಟಿಗ ಎಂದು ಬರೆಸಿದ್ದೇನೆ. ಕೆನ್ನೆ ಕೆನ್ನೆ ಹೊಡೆದುಕೊಳ್ಳಬೇಕು ಅನ್ನಿಸಿತು.

ಫೆಬ್ರವರಿ 3

ಬಣ್ಣ ಮುಗಿಯಿತು. ಹಕ್ಕಿಗಳ ಹೆಸರು ಬರೆಯುವುದು ಬಾಕಿ. ಹೆಡ್ಮಾಸ್ಟರ್ ಕೋದಂಡರಾಮಪ್ಪನವರು ಬಂದು ನೋಡಿದರು.

“ಚೆನ್ನಾಗಿದೆ ಆದಿಲಕ್ಷ್ಮಿ ಮೇಡಂ. ಈ ಜುಟ್ಟಿನದಕ್ಕೆ ಮರಕುಟಿಗ ಅಂತ ಹಾಕಿ.”

“ಅದು ಮರಕುಟಿಗ ಅಲ್ಲ ಸಾರ್.”

“ಮೂವತ್ತು ವರ್ಷ ಸೈನ್ಸ್ ಹೇಳಿದೀನಿ ರೀ. ನನಗೇ ಪಾಠನಾ?”

ನಾನೂ ಇಷ್ಟು ವರ್ಷ ತಪ್ಪೇ ಹೇಳಿಕೊಟ್ಟಿದ್ದೆ ಸಾರ್, ಎಂದೆ. ಸಮಾಧಾನಕ್ಕೆ ಹೇಳಿದ್ದು. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಶುಕ್ರವಾರ ಪೇರೆಂಟ್ಸ್ ಮೀಟಿಂಗ್. ಅಷ್ಟರಲ್ಲಿ ಮರಕುಟಿಗ ಎಂದು ಬರೆದಿರಬೇಕಂತೆ, ಇಲ್ಲದಿದ್ದರೆ ಇಡೀ ಗೋಡೆಗೆ ಸುಣ್ಣ. “ಜೂನ್‌ಗೆ ನಿಮ್ಮ ಕೆಲಸದ ಆರ್ಡರ್ ರಿನ್ಯೂ ಆಗ್ಬೇಕಲ್ವಾ?” ಎಂದೂ ಸೇರಿಸಿದರು.

ಫೆಬ್ರವರಿ 5

ಸ್ಟಾಫ್ ರೂಮಿನಲ್ಲಿ ಗಣಿತದ ಸುನಂದ — “ಒಂದು ಹಕ್ಕಿಗೋಸ್ಕರ ಕೆಲ್ಸ ಕಳ್ಕೋತೀಯೇನೇ? ಬರೆದು ಬಿಸಾಕು ಕಣೇ.”

ಬರೆಯುವುದಿಲ್ಲ. ಯಾವನೋ ಕಣ್ಣಿಟ್ಟು ನೋಡಿ ಬರೆದದ್ದು ಇಷ್ಟು ಕಾಲ ಉಳಿದಿದೆ. ಜೂನ್ ತಿಂಗಳ ಭಯಕ್ಕೆ ನಾನದನ್ನು ಕೆಡಿಸಬೇಕಾ? ತಿಳಿಯದೆ ಹೇಳಿದ ಸುಳ್ಳು ಹನ್ನೊಂದು ವರ್ಷಕ್ಕೆ ಸಾಕು. ತಿಳಿದೂ ಹೇಳಲಾರೆ.

ಫೆಬ್ರವರಿ 7, ಶುಕ್ರವಾರ, 8.10, ಕಾರಿಡಾರ್

ಏಣಿಯ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಈಗಷ್ಟೇ ಹೆಡ್ಮಾಸ್ಟರ್ ಬಂದಿದ್ದರು. ಹಿಂದೆ ಸುಣ್ಣದ ಬಕೆಟ್ ಹಿಡಿದ ಅಟೆಂಡರ್ ಭೀಮರಾಜ್.

“ಇಳೀರಿ ಮೇಡಂ.”

“ಇಳಿಯಲ್ಲ ಸಾರ್. ಮೊದಲು ನನ್ನ ಸೀರೆಗೆ ಬಳೀರಿ, ಆಮೇಲೆ ಗೋಡೆಗೆ.”

ಭೀಮರಾಜ್ ಬಕೆಟ್ ಕೆಳಗಿಟ್ಟ. “ನನ್ ಕೈಲಾಗಲ್ಲ ಸಾರ್, ಬೇಕಾದ್ರೆ ನೀವೇ ಬಳೀರಿ.”

ಮೀಟಿಂಗಿಗೆ ಹೊರಟಿರುವ ಮ್ಯಾನೇಜ್‌ಮೆಂಟ್ ಸೆಕ್ರೆಟರಿಗೆ ಫೋನ್ ಮಾಡಲು ಹೆಡ್ಮಾಸ್ಟರ್ ಹೋಗಿದ್ದಾರೆ. ಕೆಲಸ ಹೋಯಿತು, ಗೊತ್ತು. ಭಯವಾಗುತ್ತಿದೆ. ಆಗಲಿ. ‘ಚಂದ್ರಮು’ ತನಕ ಬರೆದಾಗಿದೆ. ಅಂಗೈಯಗಲದ ಅಕ್ಷರ, ಗೇಟಿನಿಂದಲೇ ಕಾಣಬೇಕು. ಇನ್ನೆರಡೇ ಅಕ್ಷರ. ಬಂದರು, ಸೆಕ್ರೆಟರಿಯೂ ಜೊತೆಗಿದ್ದಾರೆ. ಬರಲಿ. ಬ್ರಷ್ ಎಲ್ಲಿ—